ಒಣ ಯೀಸ್ಟ್ ನಡೆದು ಬಂದ ದಾರಿ

ಮನೆಯಲ್ಲಿ ಬಿಯರ್ ತಯಾರಿಸುವವರು ಇಂದು ಕೊಳ್ಳುವ ಒಣ ಯೀಸ್ಟ್ ಸಾಮಾನ್ಯವಾಗಿ 11 ಗ್ರಾಂ ಆಸುಪಾಸಿನ ಪೊಟ್ಟಣದಲ್ಲಿ ಬರುತ್ತದೆ. ಸುಮಾರು 20 ಲೀಟರ್ ಮಾಲ್ಟ್ ರಸವನ್ನು ಹುದುಗಿಸಿ ಏಲ್ ಮಾಡಲು ಅಷ್ಟು ಸಾಕು. ಇಂಗ್ಲಿಷ್ ಏಲ್, ಜರ್ಮನ್ ಲಾಗರ್, ಬೆಲ್ಜಿಯಂನ ಸೈಸನ್ ಹೀಗೆ ಒಂದೊಂದು ಬಗೆಗೂ ಬೇರೆ ಬೇರೆ ತಳಿಗಳು ಸಿಗುತ್ತವೆ. ಈ ಆಯ್ಕೆ ಇತ್ತೀಚಿನದು, ಆದರೆ ಯೀಸ್ಟ್ ಒಣಗಿಸುವ ಪದ್ಧತಿ ಕಾರ್ಖಾನೆಗಳಿಗಿಂತ ಹಳೆಯದು.

ನಾರ್ವೆಯ ಪಶ್ಚಿಮ ಭಾಗದ ರೈತರು ತಮ್ಮ ಮನೆ ಬಿಯರಿನ ಯೀಸ್ಟನ್ನು ಕ್ವೈಕ್ ಎಂದು ಕರೆಯುತ್ತಾರೆ. ಹುದುಗಿದ ಪೀಪಾಯಿಯ ಮೇಲಿನ ನೊರೆಯನ್ನೋ ತಳದ ಗಸಿಯನ್ನೋ ತೆಗೆದು, ತೂತು ಕೊರೆದ ಮರದ ಕೊರಡಿಗೆ, ಮರದ ಚೂರುಗಳನ್ನು ಪೋಣಿಸಿದ ಬಳೆಗೆ ಇಲ್ಲವೇ ಬಟ್ಟೆಗೆ ಹಿಡಿಸಿ ಒಣಗಿಸಿಡುತ್ತಿದ್ದರು. ಮುಂದಿನ ಬಾರಿ ಆ ಬಳೆಯನ್ನು ಹೊಸ ಮಾಲ್ಟ್ ರಸದಲ್ಲಿ ಅದ್ದಿದರೆ ಯೀಸ್ಟ್ ಮತ್ತೆ ಚಿಗುರುತ್ತಿತ್ತು. ಒಬ್ಬರ ಯೀಸ್ಟ್ ಕೆಟ್ಟರೆ, ಮೊಸರಿಗೆ ಹೆಪ್ಪು ಕೇಳುವಂತೆ, ನೆರೆಮನೆಯಿಂದ ತರುವ ರೂಢಿಯಿತ್ತು. ವರ್ಷಕ್ಕೆ ಕೆಲವೇ ಸಲ, ಹಬ್ಬಕ್ಕೋ ಮದುವೆಗೋ ಬಿಯರ್ ಮಾಡುವ ಮನೆಗೆ ಯೀಸ್ಟನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳಲು ಒಣಗಿಸುವುದೇ ದಾರಿಯಾಗಿತ್ತು.

ಯೀಸ್ಟ್ ಎಂದರೇನು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. 1516ರ ಬವೇರಿಯಾದ ಬಿಯರ್ ಕಾನೂನು ಬಾರ್ಲಿ, ಹಾಪ್ಸ್ ಮತ್ತು ನೀರನ್ನು ಮಾತ್ರ ಹೆಸರಿಸಿತು. 1680ರಲ್ಲಿ ಲೇವನ್‌ಹುಕ್ ಸೂಕ್ಷ್ಮದರ್ಶಕದಡಿ ಯೀಸ್ಟಿನ ಕಣಗಳನ್ನು ಕಂಡರೂ ಅವು ಜೀವಿಗಳೆಂದು ಗುರುತಿಸಲಿಲ್ಲ. 1830ರ ದಶಕದ ಕೊನೆಗೆ ಕಾನ್ಯಾರ್ ದ ಲಾ ತೂರ್, ಶ್ವಾನ್ ಮತ್ತು ಕ್ಯುಟ್ಸಿಂಗ್ ಬೇರೆ ಬೇರೆಯಾಗಿ ಅವು ಜೀವಿಗಳೆಂಬ ತೀರ್ಮಾನಕ್ಕೆ ಬಂದರು. ಲೂಯಿ ಪ್ಯಾಸ್ಟರ್ 1876ರಲ್ಲಿ ಬಿಯರಿನ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿ, ಬಿಯರ್ ಕೆಡುವುದಕ್ಕೆ ಅನ್ಯ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿದ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದ ಮೇಲೆ ಬ್ರೂವರಿಗಳು ತಳಿಯನ್ನು ಆರಿಸಿ ಬಳಸುವುದು ಸಾಧ್ಯವಾಯಿತು. ಈ ಶುದ್ಧ ತಳಿಗಳನ್ನು ಹಸಿಯಾಗಿ, ತಂಪಿನಲ್ಲಿ ಕಾಪಾಡಬೇಕಿತ್ತು. ಅದು ಪ್ರಯೋಗಾಲಯವಿದ್ದ ದೊಡ್ಡ ಬ್ರೂವರಿಗೆ ಎಟುಕಿತೇ ಹೊರತು ಮನೆಯವರಿಗಲ್ಲ.

ಯೀಸ್ಟನ್ನು ಕಾರ್ಖಾನೆಯ ಮಟ್ಟದಲ್ಲಿ ಒಣಗಿಸುವ ತಂತ್ರ ಬೆಳೆದದ್ದು ಬ್ರೆಡ್ಡಿಗಾಗಿ. ಅಮೆರಿಕದ ಸಿನ್ಸಿನಾಟಿಯಲ್ಲಿ 1868ರಲ್ಲಿ ಆರಂಭವಾದ ಫ್ಲೈಷ್‌ಮನ್ ಕಂಪನಿ ಮೊದಲು ಮಾರಿದ್ದು ಅದುಮಿದ ಹಸಿ ಯೀಸ್ಟಿನ ಗಟ್ಟಿಯನ್ನು. ಎರಡನೇ ಮಹಾಯುದ್ಧದ ವೇಳೆ, ಶೀತಪೆಟ್ಟಿಗೆ ಇಲ್ಲದ ಕಡೆಯೂ ಸೈನಿಕರಿಗೆ ಬ್ರೆಡ್ ಸುಡಲು ಅನುಕೂಲವಾಗುವಂತೆ ಅದು ಒಣ ಯೀಸ್ಟನ್ನು ರೂಪಿಸಿತು. 1970ರ ದಶಕದಲ್ಲಿ ಫ್ರಾನ್ಸಿನ ಲೆಸಾಫ್ರ್ ಕಂಪನಿ ನೇರವಾಗಿ ಹಿಟ್ಟಿಗೆ ಬೆರೆಸಬಹುದಾದ ಒಣ ಯೀಸ್ಟನ್ನು ಮಾರುಕಟ್ಟೆಗೆ ತಂದಿತು.

ಇದೇ ಕಾಲದಲ್ಲಿ ಮನೆ ಬಿಯರಿಗಿದ್ದ ಕಾನೂನಿನ ಅಡ್ಡಿಗಳೂ ಸರಿದವು. ಬ್ರಿಟನ್ನಿನಲ್ಲಿ 1880ರ ತೆರಿಗೆ ಸುಧಾರಣೆಯಿಂದ ಮನೆಯಲ್ಲಿ ಬಿಯರ್ ಮಾಡಲೂ ಪರವಾನಗಿ ಬೇಕಾಗಿತ್ತು. ಅದನ್ನು 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ರದ್ದುಮಾಡಿದರು. ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಕೊನೆಗೊಂಡರೂ ಮನೆ ಬಿಯರ್ ಅಕ್ರಮವಾಗಿಯೇ ಉಳಿಯಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದಕ್ಕೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ಅನುಮತಿ ಕೊಟ್ಟಿತು.

ಆ ದಿನಗಳ ಹೊಸಬರು ಕೊಳ್ಳುತ್ತಿದ್ದುದು ಮಂದಗೊಳಿಸಿದ ಮಾಲ್ಟ್ ರಸದ ಡಬ್ಬಿ. ಅದರ ಪ್ಲಾಸ್ಟಿಕ್ ಮುಚ್ಚಳದಡಿ ಒಂದು ಸಣ್ಣ ಯೀಸ್ಟ್ ಪೊಟ್ಟಣ ಇರುತ್ತಿತ್ತು. ಅದು ಯಾವ ತಳಿ, ಎಷ್ಟು ಹಳೆಯದು ಎಂಬುದು ಎಷ್ಟೋ ಸಲ ಕೊಂಡವರಿಗೆ ತಿಳಿಯುತ್ತಿರಲಿಲ್ಲ. ಡಬ್ಬಿಯೊಂದಿಗೆ ಸೆಕೆಯ ಗೋದಾಮುಗಳಲ್ಲಿ ಕೂತು ಕೋಶಗಳು ಸಾಯುತ್ತಿದ್ದವು, ಕೆಲವು ಪೊಟ್ಟಣಗಳಲ್ಲಿ ಬ್ಯಾಕ್ಟೀರಿಯಾ ಬೆರಕೆಯೂ ಇರುತ್ತಿತ್ತು. ಒಣ ಯೀಸ್ಟಿಗೆ ಕೆಟ್ಟ ಹೆಸರು ಬಂದದ್ದು ಹೀಗೆ. ಒರೆಗಾನ್‌ನ ವೈಯೀಸ್ಟ್ 1980ರ ದಶಕದಲ್ಲಿ, ಸ್ಯಾನ್ ಡಿಯಾಗೋದ ವೈಟ್ ಲ್ಯಾಬ್ಸ್ 1990ರ ದಶಕದಲ್ಲಿ ಶುದ್ಧ ತಳಿಗಳನ್ನು ದ್ರವರೂಪದಲ್ಲೇ ಮನೆ ತಯಾರಕರಿಗೆ ತಲುಪಿಸಿದಾಗ, ಪಳಗಿದವರು ಬಹುಮಟ್ಟಿಗೆ ಆ ಕಡೆ ವಾಲಿದರು.

ಒಣ ಯೀಸ್ಟ್ ಚೇತರಿಸಿಕೊಂಡದ್ದು ತಯಾರಿಕೆಯ ಶುಚಿತ್ವ ಮತ್ತು ಹದ ಎರಡೂ ಸುಧಾರಿಸಿದ ಮೇಲೆ. ಯೀಸ್ಟನ್ನು ಕಾಕಂಬಿಯ ದ್ರಾವಣದಲ್ಲಿ, ಧಾರಾಳವಾಗಿ ಗಾಳಿ ಊದುತ್ತ, ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಉಣಿಸಿ ಬೆಳೆಸಲಾಗುತ್ತದೆ. ಕೊನೆಯ ಹಂತದಲ್ಲಿ ಆಹಾರ ಕಡಿಮೆ ಮಾಡಿದರೆ ಕೋಶಗಳು ಟ್ರೆಹಲೋಸ್ ಎಂಬ ಸಕ್ಕರೆಯನ್ನು ಕೂಡಿಟ್ಟುಕೊಳ್ಳುತ್ತವೆ. ನೀರು ಇಂಗಿದಾಗ ಕೋಶದ ಪೊರೆ ಹರಿಯದಂತೆ ಕಾಯುವುದು ಇದೇ. ಬಳಿಕ ನೀರು ಹಿಂಡಿ, ಜರಡಿಯಂಥ ತಟ್ಟೆಯ ಮೂಲಕ ಸಣ್ಣ ಎಳೆಗಳಾಗಿ ಒತ್ತಿ, ಕೆಳಗಿನಿಂದ ಬೆಚ್ಚನೆಯ ಗಾಳಿ ಹಾಯಿಸಿ ಕೆಲವೇ ಶೇಕಡ ತೇವ ಉಳಿಯುವಷ್ಟು ಒಣಗಿಸುತ್ತಾರೆ. ಗಾಳಿಯಲ್ಲಿ ಬೆಳೆದ ಕೋಶಗಳಲ್ಲಿ ಪೊರೆ ಕಟ್ಟಲು ಬೇಕಾದ ಸ್ಟೆರಾಲ್ ದಾಸ್ತಾನು ಇರುವುದರಿಂದ ಮೊದಲ ಸಲದ ಬಳಕೆಗೆ ಮಾಲ್ಟ್ ರಸಕ್ಕೆ ಆಮ್ಲಜನಕ ಊದುವ ಅಗತ್ಯವೂ ತಗ್ಗಿತು. ಎಲ್ಲ ತಳಿಗಳೂ ಈ ಒಣಗಿಸುವಿಕೆಯನ್ನು ತಾಳವು. ಒಂದು ಸಲಕ್ಕೆ ಟನ್‌ಗಟ್ಟಲೆ ತಯಾರಿಸಬೇಕಾದ್ದರಿಂದ ಹೆಚ್ಚು ಬೇಡಿಕೆಯ ತಳಿಗಳಿಗೇ ಮೊದಲ ಅವಕಾಶ ದೊರೆಯಿತು. ಕೆನಡಾದ ಲಾಲ್‌ಮಾಂಡ್ ಕಂಪನಿಯ ನಾಟಿಂಗ್‌ಹ್ಯಾಮ್ ಮತ್ತು ವಿಂಡ್ಸರ್, ಲೆಸಾಫ್ರ್ ಬಳಗದ ಫರ್ಮೆಂಟಿಸ್ ಮಾರಿದ ಎಸ್-04, ಯುಎಸ್-05 ಮತ್ತು ವೈಹೆನ್‌ಸ್ಟೆಫನ್ ಮೂಲದ ಲಾಗರ್ ತಳಿ ಡಬ್ಲ್ಯೂ-34/70 ಹೆಸರು ಮಾಡಿದವು.

ನಂತರದ ತಳಿಗಳು ಬಗೆಬಗೆಯ ಮೂಲದಿಂದ ಬಂದಿವೆ. ಕ್ವೈಕ್ ಕೂಡ ಕಾರ್ಖಾನೆಯಲ್ಲಿ ಒಣಗಿ ಪೊಟ್ಟಣಕ್ಕೆ ಬಂದಿದೆ. ಅದು 35ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಚೊಕ್ಕವಾಗಿ ಹುದುಗುವುದರಿಂದ ಬಿಯರನ್ನು ತಂಪಿಗಿಡಲಾಗದ ಮನೆಗಳಿಗೆ ಅನುಕೂಲ. ಫಿಲಿ ಸವರ್ ಎಂಬ ತಳಿ ಲಚಾನ್ಸಿಯಾ ಎಂಬ ಯೀಸ್ಟ್ ಕುಲದ್ದು. ಆಲ್ಕೋಹಾಲಿನ ಜೊತೆಗೆ ಲ್ಯಾಕ್ಟಿಕ್ ಆಮ್ಲವನ್ನೂ ಉಂಟುಮಾಡಿ, ಬ್ಯಾಕ್ಟೀರಿಯಾದ ನೆರವಿಲ್ಲದೆ ಹುಳಿ ಬಿಯರ್ ಕೊಡುತ್ತದೆ. ಲಾಗರ್ ಯೀಸ್ಟಿನ ಒಂದು ಜನಕವಾದ ಸ್ಯಾಕರೋಮೈಸಿಸ್ ಯೂಬಯಾನಸ್ ಅರ್ಜೆಂಟೀನಾದ ಪೆಟಗೋನಿಯಾ ಕಾಡುಗಳಲ್ಲಿ ಇರುವುದು 2011ರಲ್ಲಿ ವರದಿಯಾಯಿತು. ಅದನ್ನು ಬಳಸಿ ಹೊಸದಾಗಿ ಸಂಕರಿಸಿದ ಲಾಗರ್ ತಳಿಯೂ ಈಗ ಒಣ ರೂಪದಲ್ಲಿದೆ.

ತಳಿಗಳು ಹೆಚ್ಚಿದಂತೆ ಅವುಗಳನ್ನು ಪರೀಕ್ಷಿಸುವ ಕ್ರಮವೂ ಬೇರೂರಿತು. ಒಂದೇ ಮಾಲ್ಟ್ ರಸವನ್ನು ಎರಡು ಪಾತ್ರೆಗೆ ಹಂಚಿ, ಒಂದೇ ಉಷ್ಣತೆಯಲ್ಲಿಟ್ಟು, ಯೀಸ್ಟ್ ಒಂದನ್ನೇ ಬದಲಿಸುತ್ತಾರೆ. ಒಂದಕ್ಕೆ ನಾಟಿಂಗ್‌ಹ್ಯಾಮ್, ಇನ್ನೊಂದಕ್ಕೆ ವಿಂಡ್ಸರ್ ಹಾಕಿದರೆ ವ್ಯತ್ಯಾಸ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲೇ ಕಾಣುತ್ತದೆ. ವಿಂಡ್ಸರ್ ಮಾಲ್ಟೊಟ್ರಯೋಸ್ ಎಂಬ ಸಕ್ಕರೆಯನ್ನು ಮುಟ್ಟುವುದಿಲ್ಲವಾದ್ದರಿಂದ ಅದರ ಬಿಯರಿನ ಸಾಂದ್ರತೆ ಹೆಚ್ಚೇ ಉಳಿದು, ರುಚಿ ದಪ್ಪವೂ ತುಸು ಸಿಹಿಯೂ ಆಗಿರುತ್ತದೆ. ನಾಟಿಂಗ್‌ಹ್ಯಾಮ್ ಆ ಸಕ್ಕರೆಯನ್ನೂ ಹುದುಗಿಸಿ ಬೇಗ ತಳಕ್ಕಿಳಿಯುತ್ತದೆ, ಬಿಯರ್ ತಿಳಿಯಾಗುತ್ತದೆ. ಅಷ್ಟು ಎದ್ದು ಕಾಣದ ವ್ಯತ್ಯಾಸಕ್ಕೆ ಮೂರು ಲೋಟಗಳ ಪರೀಕ್ಷೆ ಇದೆ: ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಬೇರೆಯದು ಯಾವುದೆಂದು ರುಚಿ ನೋಡಿಯೇ ಹೇಳಬೇಕು. ಊಹೆಯಿಂದಲೇ ಮೂವರಲ್ಲಿ ಒಬ್ಬರು ಸರಿ ಹೇಳಬಹುದಾದ್ದರಿಂದ, ಸರಿಯುತ್ತರಗಳು ಆ ಪ್ರಮಾಣವನ್ನು ಸಾಕಷ್ಟು ಮೀರಿದಾಗ ಮಾತ್ರ ಎರಡು ತಳಿಗಳ ವ್ಯತ್ಯಾಸ ನಾಲಿಗೆಗೆ ಗೊತ್ತಾಗುವಂಥದ್ದು ಎಂದು ಒಪ್ಪುತ್ತಾರೆ.