ಆಮಶಂಕೆಯ ರೋಗಾಣು ಕಲಿತ ವಿದ್ಯೆ

ಮಗುವಿಗೆ ಭೇದಿಯಾದೊಡನೆ ಔಷಧದಂಗಡಿಗೆ ಓಡಿ ನಾಲ್ಕು ಮಾತ್ರೆ ತರುವುದು, ಎರಡು ನುಂಗಿಸಿ ಉಳಿದೆರಡನ್ನು ಕಪಾಟಿನಲ್ಲಿ ಕಾದಿರಿಸುವುದು ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಹೊಸತೇನಲ್ಲ. ಆ ಮಾತ್ರೆಗಳ ಹಿಂದೆ ತಿಳಿಯಬೇಕಾದ ಇತಿಹಾಸವೊಂದಿದೆ.

1897ರಲ್ಲಿ ಜಪಾನಿನಲ್ಲಿ ಆಮಶಂಕೆ ಹಬ್ಬಿ 90,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತೀರಿಕೊಂಡರು. ಆಗ ಕಿಯೋಷಿ ಶಿಗಾ ಎಂಬ ತರುಣ ವೈದ್ಯರು ರೋಗಾಣುವನ್ನು ಪತ್ತೆ ಹಚ್ಚಿದರು. ಅವರ ಹೆಸರಿನಿಂದಲೇ ಅದು ಶಿಗೆಲ್ಲ ಆಯಿತು. ಎರಡನೆಯ ಮಹಾಯುದ್ಧದ ತರುವಾಯ ಅದೇ ದೇಶದಲ್ಲಿ ಸಲ್ಫಾ ಔಷಧಗಳನ್ನು ಧಾರಾಳವಾಗಿ ಬಳಸಿದರು. ಕೆಲವೇ ವರ್ಷಗಳಲ್ಲಿ ಅವು ನಾಟದಾದವು. 1950ರ ದಶಕದ ನಡುವೆ ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಈ ನಾಲ್ಕಕ್ಕೂ ಬಗ್ಗದ ತಳಿ ಕಾಣಿಸಿಕೊಂಡಿತು. ಒಂದೊಂದಾಗಿ ಅಲ್ಲ, ಒಟ್ಟಿಗೇ!

1959ರಲ್ಲಿ ಒಚಿಯಾಯ್ ಮತ್ತು ಅಕಿಬಾ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಈ ಒಗಟನ್ನು ಬಿಡಿಸಿದರು. ನಮ್ಮ ಕರುಳಿನಲ್ಲಿ ಸಾಧುವಾಗಿ ಬಾಳುವ ಇ. ಕೋಲಿ ಎಂಬ ಸೂಕ್ಷ್ಮಜೀವಿಯೇ ತನ್ನಲ್ಲಿರುವ ನಿರೋಧಶಕ್ತಿಯನ್ನು ಶಿಗೆಲ್ಲಕ್ಕೆ ದಾಟಿಸಬಲ್ಲದು. ದಾಟುವುದು ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿ.ಎನ್.ಎ. ತುಣುಕಿನ ಪ್ರತಿ. ನಾವು ಬಿ.ಎಸ್ಸಿ.ಯಲ್ಲಿ ಗುಣಗಳು ತಂದೆತಾಯಿಯಿಂದ ಮಕ್ಕಳಿಗೆ ಇಳಿಯುತ್ತವೆಂದು ಓದಿದೆವು. ಇಲ್ಲಿಯೋ ಗುಣವು ನೆರೆಮನೆಯಿಂದ ಬರುತ್ತದೆ, ಸಕ್ಕರೆ ಕಡ ತಂದ ಹಾಗೆ. ಆದ್ದರಿಂದ ಬೇಡದ ಮಾತ್ರೆ ನುಂಗಿದ ಆರೋಗ್ಯವಂತ ಮಗುವಿನ ಕರುಳೂ ಈ ವಿದ್ಯೆಯ ಉಗ್ರಾಣವಾಗಬಲ್ಲದು.

ಇದರ ಬೆಲೆ ತೆತ್ತದ್ದು ಬಡ ದೇಶಗಳು. 1969ರಲ್ಲಿ ಗ್ವಾಟೆಮಾಲಾದಲ್ಲಿ ಶಿಗಾ ಕಂಡ ಅದೇ ರೋಗಾಣು, ಅದೇ ನಾಲ್ಕು ಔಷಧಗಳನ್ನೂ ಮೀರಿ ಹಬ್ಬಿತು. ಮೊದಮೊದಲು ಅಮೀಬಾದ ಕಾಟವೆಂದು ಬಗೆದು ಅದಕ್ಕೇ ಮದ್ದು ಕೊಟ್ಟರು. ನಿಜ ತಿಳಿದು ಆಂಪಿಸಿಲಿನ್ ಹಿಡಿಯುವಷ್ಟರಲ್ಲಿ ಸಾವಿರಾರು ಜನ, ಅವರಲ್ಲಿ ಎಷ್ಟೋ ಎಳೆಯ ಮಕ್ಕಳು, ಸತ್ತಿದ್ದರು. 1984ರಲ್ಲಿ ಪಶ್ಚಿಮ ಬಂಗಾಳದ ಸರದಿ. ಅಷ್ಟರಲ್ಲಿ ಆಂಪಿಸಿಲಿನ್ ಕೂಡ ಕೈಕೊಟ್ಟಿತ್ತು. ನ್ಯಾಲಿಡಿಕ್ಸಿಕ್ ಆಮ್ಲ ಕೈಹಿಡಿಯಿತು. ಕೆಲ ವರ್ಷಗಳಲ್ಲಿ ಅದಕ್ಕೂ ಜಗ್ಗದ ತಳಿಗಳು ಬಂದವು.

ಅದೇ ಬಂಗಾಳದಲ್ಲಿ 1971ರಲ್ಲಿ ಇನ್ನೊಂದು ಘಟನೆ ನಡೆದಿತ್ತು. ಬನಗಾಂವಿನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆಯಂಶ ಬೆರೆಸಿದ ನೀರನ್ನು ಕುಡಿಸಿಯೇ ನೂರಕ್ಕೆ 30ರಷ್ಟಿದ್ದ ಸಾವನ್ನು 4ಕ್ಕಿಂತ ಕೆಳಗಿಳಿಸಿದರು. ಮಕ್ಕಳ ನೀರುಭೇದಿಗೆ ಬಹುಮಟ್ಟಿಗೆ ಬೇಕಾದದ್ದು ಆ ನೀರೇ. ಮಲದಲ್ಲಿ ರಕ್ತ ಕಂಡರೆ ಮಾತು ಬೇರೆ; ಆಗ ಅಂಗಡಿಯವನಲ್ಲ, ವೈದ್ಯರೇ ನೋಡಬೇಕು. ಅವರ ಕೈಯಲ್ಲಿರುವ ಮದ್ದುಗಳೂ ಕಡಿಮೆಯಾಗುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಅಪಾಯಕಾರಿ ರೋಗಾಣುಗಳ ಪಟ್ಟಿಯಲ್ಲಿ ಫ್ಲೋರೋಕ್ವಿನೊಲೋನ್‌ಗೆ ಬಗ್ಗದ ಶಿಗೆಲ್ಲವೂ ಸೇರಿದೆ.