ಜಮೀನು ಮತ್ತು ನಿವೇಶನಗಳಲ್ಲಿ ಪೆಟ್ರೋಲ್ ಸೋರಿಕೆ: ಮಣ್ಣು ಹಾಗೂ ಅಂತರ್ಜಲದ ತನಿಖೆ (ಸಿಂಗಟಗೆರೆ ಹೋಬಳಿಯ ಸಾರ್ವಜನಿಕರಿಗೆ ಮಾಹಿತಿ)

1. ಪೀಠಿಕೆ

ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಯು ಮಳೆ ಕಡಿಮೆ ಬೀಳುವ ಬಯಲುಸೀಮೆಗೆ ಸೇರಿದ್ದು, ಕುಡಿಯುವ ನೀರಿಗೂ ತೋಟಗಳಿಗೂ ಬಹುಮಟ್ಟಿಗೆ ಕೊಳವೆ ಬಾವಿಗಳೇ ಆಧಾರವಾಗಿವೆ. ಒಂದು ಕೊಳವೆ ಬಾವಿ ಕೆಟ್ಟಲ್ಲಿ ಬದಲಿ ಮೂಲ ಸುಲಭವಾಗಿ ದೊರೆಯುವುದಿಲ್ಲ. ಪೆಟ್ರೋಲ್ ಬಂಕ್ ಅಥವಾ ಭೂಗತ ಟ್ಯಾಂಕ್ ಇರುವ, ಇಲ್ಲವೇ ಹಿಂದೆ ಇದ್ದ ಜಾಗದ ಮಾಲೀಕರು, ನೆರೆಹೊರೆಯವರು ಹಾಗೂ ಖರೀದಿದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಮಾಲಿನ್ಯ ಹರಡುವ ಬಗೆ

ಸೋರಿದ ಪೆಟ್ರೋಲ್ ಮಣ್ಣಿನಲ್ಲಿ ಇಳಿದು, ನೀರಿಗಿಂತ ಹಗುರವಾದ ಕಾರಣ ಅಂತರ್ಜಲದ ಮೇಲೆ ತೇಲುತ್ತದೆ. ಅದರಲ್ಲಿನ ಬೆಂಜೀನ್ ಮುಂತಾದ ಅಂಶಗಳು ನೀರಿನಲ್ಲಿ ಕರಗಿ ಮುಂದೆ ಸಾಗುತ್ತವೆ. ಈ ಭಾಗದ ಗಟ್ಟಿ ಶಿಲೆಯಲ್ಲಿ ನೀರು ಬಿರುಕುಗಳ ಮೂಲಕ ಹರಿಯುವುದರಿಂದ, ಸಮೀಪದ ಬಾವಿ ಶುದ್ಧವಾಗಿದ್ದು ದೂರದ ಬಾವಿ ಕಲುಷಿತವಾಗುವ ಸಾಧ್ಯತೆಯೂ ಉಂಟು.

ಬೆಂಜೀನ್ ಕ್ಯಾನ್ಸರ್‌ಕಾರಕವಾಗಿದ್ದು, ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಭಾರತದಲ್ಲಿ ಪೆಟ್ರೋಲಿನಲ್ಲಿ ಗರಿಷ್ಠ ಶೇ. 1ರಷ್ಟು ಬೆಂಜೀನ್ ಇರಬಹುದಾಗಿದೆ. ಈ ಪ್ರಮಾಣದಲ್ಲಿದ್ದ ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಪೂರ್ತಿ ಕರಗಿದಲ್ಲಿ, 8 ಲಕ್ಷ ಲೀಟರಿಗೂ ಹೆಚ್ಚು ನೀರು ಸದರಿ ಮಿತಿಯನ್ನು ಮುಟ್ಟುತ್ತದೆ.

3. ಲಕ್ಷಣಗಳು

- ನೀರಿನಲ್ಲಿ, ನೆಲಮಾಳಿಗೆಯಲ್ಲಿ ಅಥವಾ ಚರಂಡಿಯಲ್ಲಿ ಪೆಟ್ರೋಲ್ ವಾಸನೆ
- ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡಿನ ಪದರ
- ಬಂಕಿನ ದಾಸ್ತಾನು ವಹಿಗೂ ಟ್ಯಾಂಕಿನ ಅಳತೆಗೂ ಪದೇ ಪದೇ ವ್ಯತ್ಯಾಸ

ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ನಿವಾಸಿಗಳ ಕೊಳವೆ ಬಾವಿಗಳಲ್ಲಿ ತೈಲ ಕಂಡುಬಂದ ನಂತರವೇ ಭೂಗತ ಕೊಳವೆ ಮಾರ್ಗದ ಸೋರಿಕೆ ಬೆಳಕಿಗೆ ಬಂದಿತು. ವಾಸನೆ ಇಲ್ಲದ ಮಾತ್ರಕ್ಕೆ ನೀರು ಸುರಕ್ಷಿತವೆಂದು ಭಾವಿಸಬಾರದು.

4. ಕೂಡಲೇ ವಹಿಸಬೇಕಾದ ಎಚ್ಚರಿಕೆಗಳು

- ಆ ನೀರನ್ನು ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸಬಾರದು, ದನಕರುಗಳಿಗೂ ಕುಡಿಸಬಾರದು.
- ನೀರನ್ನು ಕುದಿಸಿ ಶುದ್ಧಗೊಳಿಸಲು ಯತ್ನಿಸಬಾರದು. ಆವಿಯು ಮನೆಯೊಳಗೆ ತುಂಬಿಕೊಳ್ಳುತ್ತದೆ. ಬೆಂಕಿಯ ಅಪಾಯವೂ ಇದೆ.
- ಮೋಟಾರ್ ಓಡಿಸಿ ಬಾವಿಯನ್ನು ಬರಿದು ಮಾಡುವುದಾಗಲಿ, ಆಳಗೊಳಿಸುವುದಾಗಲಿ ಕೂಡದು. ಇದರಿಂದ ಮಾಲಿನ್ಯವು ಮತ್ತಷ್ಟು ದೂರಕ್ಕೂ ಆಳಕ್ಕೂ ಸೆಳೆಯಲ್ಪಡುತ್ತದೆ.
- ಬಾವಿಯೊಳಗೆ ಇಳಿಯಬಾರದು. ಹತ್ತಿರ ಬೆಂಕಿ ಕಡ್ಡಿ, ಬೀಡಿ ಹಚ್ಚಬಾರದು. ಆವಿ ದಟ್ಟವಾಗಿದ್ದಲ್ಲಿ ಅಗ್ನಿಶಾಮಕ ಠಾಣೆಗೆ ತಿಳಿಸತಕ್ಕದ್ದು.

5. ತನಿಖೆಯ ಹಂತಗಳು

(ಅ) ದಾಖಲೆ ಪರಿಶೀಲನೆ: ಪಹಣಿ, ಋಣಭಾರ ಪ್ರಮಾಣ ಪತ್ರ ಹಾಗೂ ಭೂ ಪರಿವರ್ತನೆ ಆದೇಶದಿಂದ ಜಾಗದ ಹಿಂದಿನ ಬಳಕೆಯನ್ನು ಅರಿಯಬಹುದು. ಪೆಟ್ರೋಲ್ ಬಂಕಿಗೆ ಪೆಟ್ರೋಲಿಯಂ ನಿಯಮಗಳು, 2002ರನ್ವಯ ಜಿಲ್ಲಾ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಅಗತ್ಯವಾದುದರಿಂದ, ಅದರ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು.

(ಆ) ಮಣ್ಣಿನ ಪರೀಕ್ಷೆ: ಟ್ಯಾಂಕ್, ಪೈಪು ಮತ್ತು ಪಂಪುಗಳ ಸುತ್ತ ಬೇರೆ ಬೇರೆ ಆಳಗಳಿಂದ ಮಣ್ಣನ್ನು ತೆಗೆದು ಪರೀಕ್ಷಿಸಲಾಗುತ್ತದೆ.

(ಇ) ಅಂತರ್ಜಲದ ಪರೀಕ್ಷೆ: ನೀರು ಹರಿಯುವ ದಿಕ್ಕನ್ನು ಅಂದಾಜಿಸಲು, ಒಂದೇ ಸಾಲಿನಲ್ಲಿರದ ಕನಿಷ್ಠ ಮೂರು ವೀಕ್ಷಣಾ ಬಾವಿಗಳು ಬೇಕಾಗುತ್ತವೆ. ಬೆಂಜೀನ್ ಬೇಗನೆ ಆವಿಯಾಗುವುದರಿಂದ ಮಾದರಿಯನ್ನು ಗಾಳಿಗುಳ್ಳೆ ಉಳಿಯದಂತೆ ಗಾಜಿನ ಸೀಸೆಯಲ್ಲಿ ತುಂಬಿ, ತಂಪಾಗಿರಿಸಿ ಪ್ರಯೋಗಾಲಯಕ್ಕೆ ಒಯ್ಯಬೇಕು. ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದ ನೀರಿನ ಫಲಿತಾಂಶ ವಿಶ್ವಾಸಾರ್ಹವಲ್ಲ. ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಬೆಂಜೀನ್ ಪತ್ತೆಯಾಗದ ಕಾರಣ, ಅದನ್ನು ಹೆಸರಿಸಿಯೇ ಪರೀಕ್ಷೆ ಕೋರತಕ್ಕದ್ದು.

6. ಅರ್ಜಿ ಸಲ್ಲಿಸುವ ವಿಧಾನ

ಅರ್ಜಿಯನ್ನು ಗ್ರಾಮ ಪಂಚಾಯಿತಿಗೆ ಅಥವಾ ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಸಲ್ಲಿಸಿ, ಪ್ರತಿಯನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಬಹುದು. ಅರ್ಜಿಯಲ್ಲಿ ಈ ವಿವರಗಳಿರಲಿ:

- ಗ್ರಾಮ, ಸರ್ವೆ ನಂಬರ್ ಮತ್ತು ಕೈನಕ್ಷೆ
- ಬಾವಿಯ ಆಳ. ಶಂಕಿತ ಮೂಲದಿಂದ ಇರುವ ದೂರ
- ವಾಸನೆ ಮೊದಲು ಗಮನಕ್ಕೆ ಬಂದ ದಿನಾಂಕ
- ತೊಂದರೆಗೊಳಗಾದ ಇತರ ಬಾವಿಗಳ ವಿವರ
- ಪರೀಕ್ಷಾ ವರದಿ (ಇದ್ದಲ್ಲಿ)

ಅರ್ಜಿಗೆ ಸ್ವೀಕೃತಿ ಪಡೆದು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.

7. ಕಾನೂನು

ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1974ರ 24ನೇ ಪ್ರಕರಣದನ್ವಯ ತಿಳಿದೂ ತಿಳಿದೂ ಬಾವಿಗೆ ಅಥವಾ ಭೂಮಿಗೆ ಮಾಲಿನ್ಯಕಾರಕ ವಸ್ತುವನ್ನು ಬಿಡುವುದು ಇಲ್ಲವೇ ಬಿಡಲು ಅವಕಾಶ ನೀಡುವುದು ನಿಷಿದ್ಧ. ಕಲುಷಿತ ತಾಣಗಳ ನಿರ್ವಹಣೆಗಾಗಿ ಕೇಂದ್ರ ಸರ್ಕಾರವು 2025ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಶಂಕಿತ ತಾಣದ ಮಾಹಿತಿ ದೊರೆತ 90 ದಿನಗಳಲ್ಲಿ ಪ್ರಾಥಮಿಕ ಮೌಲ್ಯಮಾಪನವೂ, ಅಗತ್ಯವಿದ್ದಲ್ಲಿ ನಂತರದ ಮೂರು ತಿಂಗಳಲ್ಲಿ ವಿಸ್ತೃತ ಸಮೀಕ್ಷೆಯೂ ನಡೆಯತಕ್ಕದ್ದು. ಶುದ್ಧೀಕರಣದ ವೆಚ್ಚಕ್ಕೆ ಮಾಲಿನ್ಯಕ್ಕೆ ಕಾರಣರಾದವರೇ ಹೊಣೆ.

ಕಾಲಾವಧಿಯು ಮಾಹಿತಿ ನೀಡಿದ ನಂತರವೇ ಆರಂಭವಾಗುವುದರಿಂದ, ಸಂಶಯ ಬಂದ ಕೂಡಲೇ ಲಿಖಿತವಾಗಿ ತಿಳಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.