ಮಳೆಗಾಲದಲ್ಲಿ ಕಾರನ್ನು ಹೊರಾಂಗಣದಲ್ಲಿ ನಿಲ್ಲಿಸಿಡುವ ಬಗ್ಗೆ ವಾಹನ ಮಾಲೀಕರಿಗೆ ಮಾಹಿತಿ

ರಾಜ್ಯದ ಕರಾವಳಿ ಮತ್ತು ಮಲೆನಾಡು ಪ್ರದೇಶಗಳಲ್ಲಿ ನೈರುತ್ಯ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಆರಂಭವಾಗಿ ಸೆಪ್ಟೆಂಬರ್ ಅಂತ್ಯದವರೆಗೆ ಇರುತ್ತದೆ. ಆಗುಂಬೆಯಂತಹ ಸ್ಥಳಗಳಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಅಧಿಕ. ಉದ್ಯೋಗದ ನಿಮಿತ್ತ ಬೆಂಗಳೂರು, ಮುಂಬಯಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಅನೇಕರು ಊರಿನ ಮನೆಯ ಅಂಗಳದಲ್ಲಿ ಕಾರನ್ನು ನಿಲ್ಲಿಸಿ ಹೋಗುವುದುಂಟು. ಈ ನಾಲ್ಕು ತಿಂಗಳ ಅವಧಿಯಲ್ಲಿ ಕಾರಿಗೆ ಆಗುವ ಹಾನಿಗೆ ಮೇಲಿನಿಂದ ಬೀಳುವ ಮಳೆಗಿಂತ, ಒಳಗೆ ಸೇರಿ ಹೊರಹೋಗದೆ ಉಳಿಯುವ ತೇವಾಂಶವೇ ಮುಖ್ಯ ಕಾರಣ. ಅದೇ ರೀತಿ, ಕಾರು ಓಡುತ್ತಿಲ್ಲವೆಂಬ ಕಾರಣಕ್ಕೆ ವಿಮೆ ಹಾಗೂ ದಾಖಲೆಗಳ ಅವಧಿ ನಿಲ್ಲುವುದಿಲ್ಲ. ಆದ್ದರಿಂದ ವಾಹನ ಮತ್ತು ದಾಖಲೆಗಳೆರಡನ್ನೂ ಮಳೆ ಆರಂಭವಾಗುವ ಮುನ್ನವೇ ಸಿದ್ಧಪಡಿಸುವುದು ಸೂಕ್ತ. ಈ ಸಂಬಂಧ ಗಮನಿಸಬೇಕಾದ ಅಂಶಗಳನ್ನು ಕೆಳಗೆ ನೀಡಲಾಗಿದೆ.

1. ವಿಮೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 146ರನ್ವಯ ಸಾರ್ವಜನಿಕ ಸ್ಥಳದಲ್ಲಿ ಬಳಸುವ ಪ್ರತಿಯೊಂದು ವಾಹನಕ್ಕೂ ಮೂರನೇ ವ್ಯಕ್ತಿ ವಿಮೆ ಕಡ್ಡಾಯವಾಗಿರುತ್ತದೆ. ಇದನ್ನು ಉಲ್ಲಂಘಿಸಿದಲ್ಲಿ ಕಲಂ 196ರಂತೆ ಮೊದಲ ಬಾರಿಗೆ ಮೂರು ತಿಂಗಳವರೆಗಿನ ಕಾರಾವಾಸ ಅಥವಾ ರೂ. 2,000 ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

ಆದರೆ ಮೂರನೇ ವ್ಯಕ್ತಿ ವಿಮೆಯು ಮಾಲೀಕರ ಕಾರಿಗೆ ಆಗುವ ಹಾನಿಯನ್ನು ಭರಿಸುವುದಿಲ್ಲ. ಮರ ಬೀಳುವಿಕೆ, ನೆರೆ, ಭೂಕುಸಿತ, ಕಳವು ಮುಂತಾದವುಗಳಿಗೆ ಪರಿಹಾರ ದೊರೆಯಬೇಕಾದಲ್ಲಿ ಸ್ವಂತ ಹಾನಿ ವಿಮೆ ಚಾಲ್ತಿಯಲ್ಲಿರಬೇಕು. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರುಗಳಿಗೆ ಮೂರು ವರ್ಷಗಳ ಮೂರನೇ ವ್ಯಕ್ತಿ ವಿಮೆಯನ್ನು ಒಟ್ಟಿಗೆ ಪಡೆಯುವ ವ್ಯವಸ್ಥೆ ಜಾರಿಯಲ್ಲಿದೆ. ಸ್ವಂತ ಹಾನಿ ವಿಮೆಯ ಅವಧಿ ಮಾತ್ರ ಸಾಮಾನ್ಯವಾಗಿ ಒಂದು ವರ್ಷ. ವಿಮಾಪತ್ರದ ಮೇಲೆ ಮೂರು ವರ್ಷಗಳ ದಿನಾಂಕ ಕಂಡು, ಎಲ್ಲ ವಿಮೆಯೂ ಚಾಲ್ತಿಯಲ್ಲಿದೆಯೆಂದು ಭಾವಿಸಿ ಊರು ಬಿಟ್ಟ ಮಾಲೀಕರಿಗೆ, ಜುಲೈ ತಿಂಗಳಲ್ಲಿ ಕಾರಿನ ಮೇಲೆ ಮರ ಬಿದ್ದ ನಂತರವಷ್ಟೇ ಸ್ವಂತ ಹಾನಿ ವಿಮೆಯ ಅವಧಿ ಮೇ ತಿಂಗಳಲ್ಲೇ ಮುಗಿದಿತ್ತೆಂದು ತಿಳಿಯುವ ಸಂಭವವಿದೆ. ಆದಕಾರಣ ವಿಮಾಪತ್ರದಲ್ಲಿರುವ ಎರಡೂ ದಿನಾಂಕಗಳನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅತ್ಯಗತ್ಯ.

ಸ್ವಂತ ಹಾನಿ ವಿಮೆಯ ಅವಧಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದಲ್ಲಿ, ಹಿಂದಿನ ವರ್ಷಗಳಲ್ಲಿ ಗಳಿಸಿದ ನೋ ಕ್ಲೈಮ್ ಬೋನಸ್ ರದ್ದಾಗುತ್ತದೆ. ನಾಲ್ಕು ತಿಂಗಳ ಗೈರುಹಾಜರಿ ಈ ಮಿತಿಯನ್ನು ಮೀರುತ್ತದೆ ಎಂಬುದನ್ನು ಗಮನಿಸಬೇಕು.

2. ನೋಂದಣಿ ಹಾಗೂ ಇತರ ದಾಖಲೆಗಳು

(ಅ) ಖಾಸಗಿ ಕಾರಿನ ನೋಂದಣಿ ಪ್ರಮಾಣಪತ್ರವು 15 ವರ್ಷಗಳವರೆಗೆ ಮಾನ್ಯವಾಗಿರುತ್ತದೆ. ತದನಂತರ ಒಮ್ಮೆಗೆ 5 ವರ್ಷಗಳಂತೆ ನವೀಕರಿಸಬಹುದು. ನವೀಕರಣಕ್ಕೆ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗಿರುವುದರಿಂದ, ಮಳೆಗಾಲದ ನಡುವೆ ಅವಧಿ ಮುಗಿಯುವಂತಿದ್ದಲ್ಲಿ ಹೊರಡುವ ಮುನ್ನವೇ ಅರ್ಜಿ ಸಲ್ಲಿಸುವುದು ಅನುಕೂಲಕರ.

(ಆ) ಹೊಗೆ ತಪಾಸಣೆ ಪ್ರಮಾಣಪತ್ರದ ಅವಧಿ ಮುಗಿದಿದ್ದಲ್ಲಿ, ಕಾರನ್ನು ಮತ್ತೆ ರಸ್ತೆಗಿಳಿಸುವಾಗ ಮೊದಲು ಹತ್ತಿರದ ತಪಾಸಣಾ ಕೇಂದ್ರದಿಂದ ಹೊಸ ಪ್ರಮಾಣಪತ್ರ ಪಡೆಯಬೇಕು.

(ಇ) ಹೊರ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಈ ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇರಿಸಿಕೊಂಡಲ್ಲಿ, ಕಲಂ 47ರನ್ವಯ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸತಕ್ಕದ್ದು. ವಾಹನವನ್ನು 'ಇರಿಸಿಕೊಂಡಿರುವ' ಅವಧಿ ಎಂದೇ ಕಾಯಿದೆ ಹೇಳುವುದರಿಂದ, ಓಡಿಸದೆ ನಿಲ್ಲಿಸಿದ ತಿಂಗಳುಗಳೂ ಲೆಕ್ಕಕ್ಕೆ ಬರುತ್ತವೆ.

(ಈ) ನೋಂದಣಿ ಪ್ರಮಾಣಪತ್ರ ಮತ್ತು ವಿಮಾಪತ್ರಗಳನ್ನು ಕಾರಿನೊಳಗೆ ಬಿಡಬಾರದು.

3. ಸ್ಥಳದ ಆಯ್ಕೆ

ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಯಾರೂ ಇಲ್ಲದೆ ಬಿಟ್ಟ ವಾಹನವನ್ನು ಕಲಂ 127ರಂತೆ ಪೊಲೀಸ್ ಅಧಿಕಾರಿಯ ಆದೇಶದ ಮೇರೆಗೆ ಎಳೆದೊಯ್ಯಬಹುದಾಗಿದೆ. ಆದ್ದರಿಂದ ದೀರ್ಘಾವಧಿಗೆ ರಸ್ತೆಬದಿಯಲ್ಲಿ ನಿಲ್ಲಿಸದೆ ಸ್ವಂತ ಆವರಣದಲ್ಲಿಯೇ ನಿಲ್ಲಿಸಬೇಕು.

ಆವರಣದಲ್ಲಿ ತೆಂಗು, ಹಲಸು ಅಥವಾ ಒಣಗಿದ ಮರಗಳ ಕೆಳಗಿನ ಜಾಗ, ಧರೆಯ ಬುಡ ಮತ್ತು ನೀರು ಹರಿದುಬರುವ ತಗ್ಗು ಪ್ರದೇಶಗಳನ್ನು ಬಿಡಬೇಕು. ಹಸಿ ಮಣ್ಣು ಅಥವಾ ಹುಲ್ಲಿನ ಮೇಲೆ ನಿಲ್ಲಿಸಿದ ಕಾರಿನ ತಳಭಾಗಕ್ಕೆ ನೆಲದ ತೇವ ಸತತವಾಗಿ ತಾಗಿ ತುಕ್ಕು ಹಿಡಿಯುತ್ತದೆ. ಸಿಮೆಂಟು ನೆಲ ಇಲ್ಲದಿದ್ದಲ್ಲಿ ಚಕ್ರಗಳ ಕೆಳಗೆ ಚಪ್ಪಡಿ ಕಲ್ಲು ಅಥವಾ ದಪ್ಪ ಹಲಗೆ ಇಡಬಹುದು.

4. ಸ್ವಚ್ಛತೆ ಮತ್ತು ತೇವಾಂಶ ನಿವಾರಣೆ

ಕಾರಿನ ತಳಭಾಗ ಹಾಗೂ ಮಡ್‌ಗಾರ್ಡ್‌ಗಳ ಒಳಭಾಗಕ್ಕೆ ಅಂಟಿದ ಕೆಸರನ್ನು ತೊಳೆದು, ಒಂದು ದಿನ ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಬೇಕು. ಮುಂಭಾಗದ ಗಾಜಿನ ಬುಡದಲ್ಲಿರುವ ಜಾಲರಿ ಮತ್ತು ಬಾಗಿಲುಗಳ ಕೆಳ ಅಂಚಿನ ಸಣ್ಣ ರಂಧ್ರಗಳು ಮಳೆನೀರು ಹೊರಹೋಗುವ ದಾರಿಗಳಾಗಿರುತ್ತವೆ. ಎಲೆ, ಕಸ ತುಂಬಿ ಇವು ಮುಚ್ಚಿಕೊಂಡರೆ ನೀರು ಕಾರಿನೊಳಗೆ ಇಳಿದು ಕಾರ್ಪೆಟ್‌ನ ಅಡಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಇವುಗಳನ್ನು ಸ್ವಚ್ಛಗೊಳಿಸುವುದು ಬಹುಮುಖ್ಯ.

ನೆಲಹಾಸುಗಳನ್ನು ತೆಗೆದು ಮನೆಯೊಳಗೆ ಇಡಬೇಕು. ಬೂಷ್ಟು ಹಿಡಿಯುವುದನ್ನು ತಡೆಯಲು ಒಳಭಾಗವನ್ನು ಒಣಬಟ್ಟೆಯಿಂದ ಒರೆಸಿ, ತೇವಾಂಶ ಹೀರುವ ಸಿಲಿಕಾ ಜೆಲ್ ಚೀಲಗಳನ್ನು ಇಡಬಹುದು.

ಪ್ಲಾಸ್ಟಿಕ್ ಹಾಳೆ ಅಥವಾ ಟಾರ್ಪಾಲನ್ನು ನೇರವಾಗಿ ಕಾರಿನ ಮೇಲೆ ಹೊದಿಸಬಾರದು. ಅದರಡಿಯಲ್ಲಿ ಸೇರಿದ ತೇವ ಹೊರಹೋಗದೆ ಬಣ್ಣ ಉಬ್ಬುತ್ತದೆ. ಕಂಬ ನೆಟ್ಟು ಟಾರ್ಪಾಲನ್ನು ಇಳಿಜಾರಾಗಿ ಮಾಡಿನಂತೆ ಕಟ್ಟಿ, ಕಾರಿಗೂ ಅದಕ್ಕೂ ನಡುವೆ ಗಾಳಿಯಾಡಲು ಅಂತರ ಬಿಡುವುದು ಉತ್ತಮ. ಕಾರಿಗೆ ಹೊದಿಕೆ ಹಾಕುವುದಾದಲ್ಲಿ ಗಾಳಿಯಾಡುವ ಬಟ್ಟೆಯದನ್ನೇ ಬಳಸಬೇಕು.

5. ಯಾಂತ್ರಿಕ ಸಿದ್ಧತೆ

(ಅ) ಇಂಧನ: ಟ್ಯಾಂಕನ್ನು ಬಹುಪಾಲು ತುಂಬಿಸಿಡಬೇಕು. ಖಾಲಿ ಜಾಗ ಹೆಚ್ಚಿದ್ದಷ್ಟೂ ಒಳಗಿನ ಗಾಳಿಯ ತೇವ ಹನಿಗಟ್ಟಿ ಇಂಧನಕ್ಕೆ ಸೇರುತ್ತದೆ. ಈಗ ಮಾರಾಟವಾಗುವ ಪೆಟ್ರೋಲಿನಲ್ಲಿರುವ ಎಥನಾಲ್ ತೇವವನ್ನು ಹೀರುವ ಗುಣ ಹೊಂದಿರುವುದರಿಂದ ಈ ಎಚ್ಚರಿಕೆ ಅಗತ್ಯ. ಡೀಸೆಲ್ ಕಾರುಗಳಲ್ಲಿ ಫಿಲ್ಟರಿನಲ್ಲಿ ಸಂಗ್ರಹವಾದ ನೀರನ್ನು ಹೊರತೆಗೆಸಬೇಕು.

(ಆ) ಎಂಜಿನ್ ಆಯಿಲ್: ಹಳೆಯ ಆಯಿಲ್‌ನಲ್ಲಿ ಸೇರಿರುವ ಆಮ್ಲೀಯ ಅಂಶಗಳು ಎಂಜಿನ್ನಿನ ಒಳಭಾಗಗಳನ್ನು ಸವೆಸಬಲ್ಲವು. ಬದಲಾವಣೆಯ ಸಮಯ ಹತ್ತಿರವಿದ್ದಲ್ಲಿ ನಿಲ್ಲಿಸುವ ಮುನ್ನವೇ ಬದಲಾಯಿಸುವುದು ಒಳ್ಳೆಯದು.

(ಇ) ಬ್ಯಾಟರಿ: ಪೂರ್ಣ ಚಾರ್ಜ್ ಮಾಡಿ, ಮೊದಲು ಋಣ ತಂತಿಯನ್ನು ಬಿಚ್ಚಬೇಕು, ಮರುಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಬ್ಯಾಟರಿ ಬಿಚ್ಚಿದ ನಂತರ ರಿಮೋಟ್ ಕೆಲಸ ಮಾಡುವುದಿಲ್ಲವಾದ್ದರಿಂದ ಕೀಲಿಯಿಂದ ಬಾಗಿಲು ತೆರೆಯುತ್ತದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ವಿದ್ಯುತ್ ಚಾಲಿತ ಕಾರುಗಳ ವಿಷಯದಲ್ಲಿ ತಯಾರಕರ ಕೈಪಿಡಿಯ ಸೂಚನೆಯನ್ನೇ ಪಾಲಿಸಬೇಕು.

(ಈ) ಬ್ರೇಕ್: ಹ್ಯಾಂಡ್ ಬ್ರೇಕ್ ಎಳೆದಿಟ್ಟಲ್ಲಿ ತೇವದಿಂದಾಗಿ ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುತ್ತವೆ. ಸಮತಟ್ಟಾದ ಜಾಗದಲ್ಲಿ ಮೊದಲನೇ ಗೇರಿನಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡುಗಳನ್ನು ಇಡಬೇಕು.

(ಉ) ಟೈರು: ಸ್ಟೆಪ್ನಿ ಸೇರಿದಂತೆ ಎಲ್ಲ ಟೈರುಗಳಿಗೂ ನಿಗದಿತ ಪ್ರಮಾಣದ ಗಾಳಿ ತುಂಬಿಸಬೇಕು. ಮನೆಯಲ್ಲಿ ಜನರಿದ್ದಲ್ಲಿ ತಿಂಗಳಿಗೊಮ್ಮೆ ಕಾರನ್ನು ಸ್ವಲ್ಪ ಮುಂದಕ್ಕೆ ತಳ್ಳಿಸಿ, ಟೈರಿನ ಒಂದೇ ಭಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು.

(ಊ) ಇಲಿ, ಹೆಗ್ಗಣ: ಕಾರಿನೊಳಗೆ ತಿಂಡಿ, ಧಾನ್ಯ ಬಿಡಬಾರದು. ಸೈಲೆನ್ಸರ್ ಕೊಳವೆ ಮತ್ತು ಗಾಳಿ ಸೇದುವ ಕೊಳವೆಯ ಬಾಯಿಗೆ ತಂತಿಬಲೆ ಕಟ್ಟಬಹುದು. ಕಟ್ಟಿದ್ದನ್ನು ಮರೆಯದಂತೆ ಸ್ಟಿಯರಿಂಗಿಗೆ ಕೆಂಪು ಬಟ್ಟೆಯ ಗುರುತು ಕಟ್ಟುವುದು ಸುರಕ್ಷಿತ.

6. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸುವ ಬಗ್ಗೆ

ನೆರೆಹೊರೆಯವರಿಂದ ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡಿಸುವುದು ರೂಢಿಯಲ್ಲಿದೆ. ಇದರಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು. ಅಷ್ಟು ಅಲ್ಪಾವಧಿಯಲ್ಲಿ ಎಂಜಿನ್ ಸಾಕಷ್ಟು ಬಿಸಿಯಾಗದೆ, ಉರಿಯುವಿಕೆಯಿಂದ ಉಂಟಾದ ನೀರಾವಿ ಆಯಿಲ್‌ನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ; ಬ್ಯಾಟರಿಯೂ ಕಳೆದ ಚಾರ್ಜನ್ನು ಮರಳಿ ಪಡೆಯುವುದಿಲ್ಲ. ಚಾಲನಾ ಪರವಾನಗಿ ಹೊಂದಿದವರು 15ರಿಂದ 20 ಕಿ.ಮೀ. ಓಡಿಸಿ ತರುವಂತಿದ್ದಲ್ಲಿ ಮಾತ್ರ ಚಾಲೂ ಮಾಡಿಸಬೇಕು. ಇಲ್ಲವಾದಲ್ಲಿ ಹಾಗೆಯೇ ಬಿಡುವುದು ಮೇಲು.

7. ನೀರು ನುಗ್ಗಿದಲ್ಲಿ ಅಥವಾ ಮರ ಬಿದ್ದಲ್ಲಿ

ನಿಲ್ಲಿಸಿದ ಕಾರಿಗೆ ನೆರೆನೀರು ನುಗ್ಗಿದ್ದಲ್ಲಿ ಯಾವ ಕಾರಣಕ್ಕೂ ಕೀಲಿ ತಿರುಗಿಸಿ ಚಾಲೂ ಮಾಡಬಾರದು. ಎಂಜಿನ್ನಿನೊಳಗೆ ನೀರಿರುವಾಗ ಚಾಲೂ ಮಾಡಿದರೆ ಒಳಭಾಗಗಳು ಮುರಿಯುತ್ತವೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದವರಿಗೆ ಇಂತಹ ಹಾನಿಗೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ. ಕಾರನ್ನು ಕದಲಿಸುವ ಮುನ್ನ ಛಾಯಾಚಿತ್ರ ತೆಗೆದು ವಿಮಾ ಸಂಸ್ಥೆಗೆ ತಿಳಿಸಿ, ನಂತರ ಎಳೆದೊಯ್ಯುವ ವ್ಯವಸ್ಥೆ ಮಾಡಬೇಕು. ಮಾಲೀಕರು ದೂರದಲ್ಲಿದ್ದಲ್ಲಿ ಈ ಸೂಚನೆಯನ್ನು ಮನೆಯಲ್ಲಿರುವ ಹಿರಿಯರಿಗೂ ಕೀಲಿ ಇಟ್ಟುಕೊಂಡವರಿಗೂ ಮೊದಲೇ ತಿಳಿಸಿರಬೇಕು.

ವಾಹನವು ಮತ್ತೆ ಬಳಸಲಾಗದಂತೆ ಸಂಪೂರ್ಣ ನಾಶವಾದಲ್ಲಿ, ಕಲಂ 55ರನ್ವಯ ಮಾಲೀಕರು 14 ದಿನಗಳೊಳಗೆ ತಮ್ಮ ವಾಸಸ್ಥಳದ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ನೋಂದಣಿ ಪ್ರಮಾಣಪತ್ರವನ್ನು ಹಿಂದಿರುಗಿಸತಕ್ಕದ್ದು.

8. ಮಳೆಗಾಲದ ನಂತರ

ಬಾನೆಟ್ ತೆರೆದು ಹಾವು, ಇಲಿ ಸೇರಿರುವುದೇ ಎಂದು ಎಚ್ಚರಿಕೆಯಿಂದ ನೋಡಿ, ತಂತಿಗಳನ್ನು ಇಲಿ ಕಡಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೊಳವೆಗಳಿಗೆ ಕಟ್ಟಿದ ತಂತಿಬಲೆ ತೆಗೆದು, ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಹಾಗೂ ಟೈರಿನ ಗಾಳಿಯನ್ನು ಪರೀಕ್ಷಿಸಿದ ನಂತರವೇ ಚಾಲೂ ಮಾಡಬೇಕು. ಆವರಣದೊಳಗೆ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿಯುವುದನ್ನು ಪರೀಕ್ಷಿಸಿ, ವಿಮೆ ಮತ್ತು ಹೊಗೆ ತಪಾಸಣೆಯ ದಿನಾಂಕಗಳನ್ನು ಮತ್ತೊಮ್ಮೆ ನೋಡಿ, ತದನಂತರ ರಸ್ತೆಗೆ ತರಬೇಕು.

ನೋಂದಣಿ ನವೀಕರಣ ಮತ್ತು ಮರುನೋಂದಣಿಯ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.